ಹಳೆಯ ಕಾರ್ಡು, ಹೊಸ ಯೋಜನೆ, ಗಡಿಯಾಚೆಯ ಆಸ್ಪತ್ರೆ

ತಾಯಿಯವರ ಹಳೆಯ ಆರ್‌.ಎಸ್‌.ಬಿ.ವೈ. (ಬಡವರಿಗಾಗಿ ಇದ್ದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಎಂಬ ಆರೋಗ್ಯ ವಿಮೆ) ಕಾರ್ಡು ಮಂಗಳೂರಿನ ಆಸ್ಪತ್ರೆಯಲ್ಲಿ ನಡೆಯುವುದೇ ಎಂದು ಕೇರಳದ ಮಂಜೇಶ್ವರದಿಂದ ಕೇಳಿದ್ದೀರಿ. ಆ ಕಾರ್ಡು ಈಗ ನಡೆಯುವುದಿಲ್ಲ. ಆದರೆ 2019ರಲ್ಲಿ ಕೇರಳ ಸರಕಾರವು, ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿಯಷ್ಟೇ ಇದ್ದ ಆ ವಿಮೆಯನ್ನು ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಕೂಡಿಸಿ, 5 ಲಕ್ಷ ರೂಪಾಯಿವರೆಗಿನ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯನ್ನು ತಂದಾಗ, 2018-19ರಲ್ಲಿ ಕಾರ್ಡು ನವೀಕರಿಸಿದ್ದ ಕುಟುಂಬಗಳನ್ನೂ ಅದರೊಳಗೆ ಸೇರಿಸಿಕೊಂಡಿತು. ಆ ಒಂದು ವರ್ಷ ನವೀಕರಣ ತಪ್ಪಿಸಿಕೊಂಡ ಬಡವರ ಪಾಲಿಗೆ ಇದು ಕಠಿಣ ನಿಯಮವೆಂದೇ ನನ್ನ ಅಭಿಪ್ರಾಯ. ನಿಮ್ಮದು ನವೀಕರಣವಾಗಿತ್ತೇ ಎಂಬುದನ್ನು ಪಡಿತರ ಚೀಟಿ, ಆಧಾರ್ ಸಹಿತ ಯೋಜನೆಗೆ ಸೇರಿದ ಹತ್ತಿರದ ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ವಿಚಾರಿಸಿರಿ. ಹೊರರಾಜ್ಯದ ಚಿಕಿತ್ಸೆಯ ಸೌಲಭ್ಯವು ಮುಖ್ಯವಾಗಿ ಆಯುಷ್ಮಾನ್ ಭಾರತಕ್ಕೆಂದು ಕೇಂದ್ರವು ಗುರುತಿಸಿದ ಕುಟುಂಬಗಳ ಪಟ್ಟಿಯಲ್ಲಿರುವವರಿಗಾಗಿ ಇರುವುದರಿಂದ, ಮಂಗಳೂರಿನಲ್ಲಿ ದಾಖಲಾಗುವ ಮೊದಲೇ ಅಲ್ಲಿನ ಆರೋಗ್ಯಮಿತ್ರರ (ಯೋಜನೆಯ ರೋಗಿಗಳಿಗೆ ಆಸ್ಪತ್ರೆಯಲ್ಲಿ ನೆರವಾಗುವ ಸಿಬ್ಬಂದಿ) ಮೂಲಕ ಒಪ್ಪಿಗೆ ಪಡೆಯಿರಿ.