ಗೊತ್ತಿತ್ತಾ, ಗೊತ್ತಾಯ್ತಾ?

ಪ್ರಿಯರೇ,

ಫ್ರೆಂಚ್ ಕ್ರಿಯಾಪದಗಳನ್ನು ಇಂಗ್ಲಿಷಿಗೆ ತರುವ ಬಗ್ಗೆ ನೀವು ಕಳಿಸಿದ ಲೇಖನ ತಲುಪಿದೆ. ಸೇಡಂನಲ್ಲಿ ಬೆಳೆದು, ಹೈದರಾಬಾದಿನಲ್ಲಿ ಫ್ರೆಂಚ್ ಕಲಿತು, ಈಗ ಅನುವಾದದ ಕೆಲಸವನ್ನೇ ಮಾಡುತ್ತಿದ್ದೀರಿ. ನಮ್ಮ ಕಡೆಯ ಹುಡುಗರಿಗೂ ಈ ದಾರಿ ಗೊತ್ತಾಗಲಿ ಅಂತ ಬರೆದಿದ್ದೀರಿ. ಸಂತೋಷ. ಭಾಷೆ ತಿಳಿಯಾಗಿದೆ, ಉದಾಹರಣೆಗಳು ಸಾಕಷ್ಟಿವೆ.

ಆದರೆ ಆರನೇ ಪುಟದ ಒಂದು ಸಾಲು ಎರಡು ದಿನ ನನ್ನನ್ನು ಕಾಡಿತು. "ಫ್ರೆಂಚಿನ ಈ ಕಾಲರೂಪಗಳು ಕನ್ನಡದವರಿಗೆ ತೀರಾ ಹೊಸವು. ನಮ್ಮಲ್ಲಿ ಇಂಥವು ಇಲ್ಲ. ಇಂಗ್ಲಿಷ್ ಮೂಲಕವೇ ಇವನ್ನು ಅರ್ಥ ಮಾಡಿಕೊಳ್ಳಬೇಕು" ಎಂದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಅನುವಾದ ಎಲ್ಲೆಲ್ಲಿ ಕೆಟ್ಟಿದೆಯೋ ಅಲ್ಲೆಲ್ಲ ಈ ನಂಬಿಕೆಯೇ ಕೆಡಿಸಿದೆ. ನಿಮ್ಮ ವಾಕ್ಯಗಳನ್ನೇ ಹಿಡಿದು ಹೇಳುತ್ತೇನೆ.

ಮೊದಲನೆಯದು, "ಇಲ್ ವನೆ ತು ಲೆ ಜೊದಿ." ಇದಕ್ಕೆ ನೀವು ಕೊಟ್ಟಿರುವ ಇಂಗ್ಲಿಷ್, "ಹಿ ವಾಸ್ ಕಮಿಂಗ್ ಎವ್ರಿ ಥರ್ಸ್‌ಡೇ." ಫ್ರೆಂಚಿನ ಈ ರೂಪದ ಹೆಸರು ಆಂಪಾರ್ಫೆ. ಅದಕ್ಕೆ 'ವಾಸ್ ಕಮಿಂಗ್' ಅಂತ ಒಂದೇ ಅಚ್ಚು ಒತ್ತಿದ್ದೀರಿ. ಈಗ ಕನ್ನಡದಲ್ಲಿ ಹೇಳಿ ನೋಡಿ. "ಅಜ್ಜ ಪ್ರತಿ ಗುರುವಾರ ದರ್ಗಾಕ್ಕೆ ಹೋಗುತ್ತಿದ್ದ." ಇದು ರೂಢಿ. "ನಾನು ಕರೆದಾಗ ಅಜ್ಜ ದರ್ಗಾಕ್ಕೆ ಹೋಗುತ್ತಿದ್ದ." ಇದು ಆ ಹೊತ್ತಿಗೆ ನಡೆಯುತ್ತಿದ್ದ ಕೆಲಸ. ಎರಡಕ್ಕೂ 'ಹೋಗುತ್ತಿದ್ದ' ಒಂದೇ ಸಾಕು. ಆಂಪಾರ್ಫೆ ಕೂಡ ಹಾಗೇ, ಎರಡೂ ಕೆಲಸ ಮಾಡುತ್ತದೆ. ಈ ಮೂರರಲ್ಲಿ ಬೇರೆ ಬೇರೆ ಮಾಡಿಕೊಳ್ಳಬೇಕಾದ ಭಾಷೆ ಇಂಗ್ಲಿಷ್ ಮಾತ್ರ. ರೂಢಿಗೆ 'ಯೂಸ್ಡ್ ಟು ಕಮ್', ಇಲ್ಲವೇ 'ವುಡ್ ಕಮ್', ಎಷ್ಟೋ ಕಡೆ ಬರೀ 'ಕೇಮ್' ಸಾಕು. ನಡೆಯುತ್ತಿದ್ದ ಕೆಲಸಕ್ಕೆ 'ವಾಸ್ ಕಮಿಂಗ್'. ಪ್ರತಿ ಗುರುವಾರ ಎಂದ ಮೇಲೆ ಅದು ರೂಢಿ ಅಲ್ವಾ? ಮನಸ್ಸಿನಲ್ಲಿ ಒಮ್ಮೆ ಕನ್ನಡದಲ್ಲಿ ಹೇಳಿಕೊಂಡಿದ್ದರೆ ಯಾವ 'ಬರುತ್ತಿದ್ದ' ಇದು ಅಂತ ನಿಮಗೇ ಹೊಳೆಯುತ್ತಿತ್ತು.

ಎರಡನೆಯದು ಇನ್ನೂ ನೋವು ಕೊಟ್ಟಿತು. "ಇಲ್ ಸವೆ" ಮತ್ತು "ಇಲ್ ಆ ಸ್ಯು", ಎರಡಕ್ಕೂ "ಹಿ ನ್ಯೂ" ಎಂದು ಬರೆದು, "ಇಂಗ್ಲಿಷಿನಲ್ಲಿ ವ್ಯತ್ಯಾಸ ತೋರಿಸಲಾಗದು" ಎಂದು ಕೈಬಿಟ್ಟಿದ್ದೀರಿ. ಮೊದಲನೆಯದು 'ಅವನಿಗೆ ಗೊತ್ತಿತ್ತು'. ಎರಡನೆಯದು ಹೆಚ್ಚಾಗಿ 'ಅವನಿಗೆ ಗೊತ್ತಾಯಿತು'. ನಿಮ್ಮ ಊರಿನ ಐದು ವರ್ಷದ ಮಗು ಕೂಡ 'ಗೊತ್ತಿತ್ತು', 'ಗೊತ್ತಾತು' ಎರಡನ್ನೂ ಬೇರೆ ಮಾಡಿ ಹೇಳುತ್ತದೆ. ಇಂಗ್ಲಿಷಿಗೆ ಬಂದಾಗ ಮೊದಲನೆಯದಕ್ಕೆ 'ಹಿ ನ್ಯೂ', ಎರಡನೆಯದಕ್ಕೆ 'ಹಿ ಫೌಂಡ್ ಔಟ್'. ಫ್ರೆಂಚಿನಲ್ಲಿ ಕಾಲ ಬದಲಾದರೆ ಸಾಕಾಗುವ ಕಡೆ ಇಂಗ್ಲಿಷಿನಲ್ಲಿ ಕ್ರಿಯಾಪದವನ್ನೇ ಬದಲಿಸಬೇಕಾಗುತ್ತದೆ. ನಿಮ್ಮ ಲೇಖನದ ಜೀವ ಇಲ್ಲೇ ಇತ್ತು. ನೀವು ಅದನ್ನು ಒಂದು ಸಾಲಿನಲ್ಲಿ ದಾಟಿಬಿಟ್ಟಿರಿ.

ಮೂರನೆಯದು ಸುದ್ದಿಮನೆಯ ವಾಕ್ಯ. ಅದಕ್ಕೇ ನಾನು ಬಿಡಲಾರೆ. "ಲ ಮಿನಿಸ್ತ್ರ್ ಒರೆ ದೆಮಿಸಿಯೊನೆ." ನಿಮ್ಮ ಅನುವಾದ, "ದ ಮಿನಿಸ್ಟರ್ ವುಡ್ ಹ್ಯಾವ್ ರಿಸೈನ್ಡ್." ಈ ಇಂಗ್ಲಿಷ್ ಓದಿದವರಿಗೆ ಏನು ತಿಳಿಯುತ್ತದೆ? ಮಂತ್ರಿ ರಾಜೀನಾಮೆ ಕೊಡುತ್ತಿದ್ದರು, ಏನೋ ಅಡ್ಡ ಬಂತು, ಕೊಡಲಿಲ್ಲ ಅಂತ. ಫ್ರೆಂಚ್ ಹೇಳಿದ್ದು ಅದಲ್ಲ. ಖಚಿತವಾಗದ ಸುದ್ದಿಯನ್ನು ಅಲ್ಲಿನ ಪತ್ರಿಕೆಗಳು ಷರತ್ತಿನ ರೂಪದಲ್ಲಿ ಬರೆಯುತ್ತವೆ. ಹೀಗಂತೆ, ನಾವು ನೋಡಿಲ್ಲ ಅಂತ ಅದರರ್ಥ. ನಮ್ಮ ಕಟ್ಟೆಯ ಮೇಲೆ ಇದನ್ನೇ 'ಕೊಟ್ಟಾರಂತ' ಅನ್ನುತ್ತಾರೆ. ಬರವಣಿಗೆಯಲ್ಲಿ 'ಕೊಟ್ಟಿದ್ದಾರಂತೆ'. ಒಂದು ಸಣ್ಣ 'ಅಂತೆ' ಸಾಕು, ಹೊಣೆ ನಮ್ಮದಲ್ಲ ಎಂದು ಓದುಗರಿಗೆ ಗೊತ್ತಾಗುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಅನುಕೂಲ ಇಲ್ಲ. 'ರಿಪೋರ್ಟೆಡ್ಲಿ' ಅಂತಲೋ 'ಈಸ್ ಸೆಡ್ ಟು ಹ್ಯಾವ್' ಅಂತಲೋ ಹೊರಗಿನಿಂದ ತಂದು ಹಾಕಬೇಕು. ಕನ್ನಡದಲ್ಲಿ ಇಂಥದ್ದು ಇಲ್ಲ ಎಂದು ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ರಾಜೀನಾಮೆ ಎಂದಾಗ ನನ್ನ ಮೊದಲ ವರ್ಷ ನೆನಪಾಗುತ್ತದೆ. 1986. ಆಗಿನ್ನೂ ಊರನ್ನು ಗುಲ್ಬರ್ಗಾ ಎಂದೇ ಬರೆಯುತ್ತಿದ್ದೆವು. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಒಂದು ಸಣ್ಣ ದಿನಪತ್ರಿಕೆಯಲ್ಲಿ ನಾನು ಕಿರಿಯವನು. ನಿಜಾಮರ ಕಾಲದಲ್ಲಿ ಓದಿದ ಹಿರಿಯ ವಕೀಲರೊಬ್ಬರು ಕೋರ್ಟಿನ ಸುದ್ದಿಯನ್ನು ಉರ್ದುವಿನಲ್ಲಿ ಚೀಟಿ ಬರೆದು ಕಳಿಸುತ್ತಿದ್ದರು. ಮೊಳೆ ಜೋಡಿಸುವವರು ಓದಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಒಂದು ದಿನ ಅಣ್ಣತಮ್ಮಂದಿರ ಹೊಲದ ಜಗಳದ ಸುದ್ದಿ ಬಂತು. ಅದರಲ್ಲಿ 'ರಾಜೀನಾಮಾ ದಾಖಿಲ್ ಕಿಯಾ' ಎಂದಿತ್ತು. ಅವರಲ್ಲಿ ಕಿರಿಯವರು ಹಳ್ಳಿಯ ಶಾಲೆಯಲ್ಲಿ ಮಾಸ್ತರು. ಅವರು ರಾಜೀನಾಮೆ ಕೊಟ್ಟರು ಎಂದು ಬರೆದೆ. ಉರ್ದುವಿನಲ್ಲಿ ರಾಜೀನಾಮಾ ಎಂದರೆ ರಾಜಿಯ ಪತ್ರ. ಅವರು ಅಣ್ಣನ ಜೊತೆ ರಾಜಿ ಮಾಡಿಕೊಂಡಿದ್ದರು, ಅಷ್ಟೇ.

ಮರುದಿನ ಬೆಳಿಗ್ಗೆ ಮಾಸ್ತರು ಪತ್ರಿಕೆ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಕೂಗಾಡಲಿಲ್ಲ. "ಮನ್ಯಾಗ ಅಳ್ಳಾಕತ್ತಾರ್ರಿ" ಎಂದರು. ಆ ಮುಖ ಇವತ್ತಿಗೂ ಮರೆತಿಲ್ಲ. ನಮ್ಮ ಹಿರಿಯ ಉಪಸಂಪಾದಕರು ಆವತ್ತಿನಿಂದ ಆರು ತಿಂಗಳು ನನ್ನ ಪ್ರತಿ ಸುದ್ದಿಯನ್ನೂ ಗಟ್ಟಿಯಾಗಿ ಓದಿಸಿದರು. ಕ್ರಿಯಾಪದ ಬಂದ ಕಡೆಯೆಲ್ಲ ನಿಲ್ಲಿಸುತ್ತಿದ್ದರು. "ಬಂದರೋ, ಬಂದಿದ್ದಾರಂತೋ? ಗೊತ್ತಿತ್ತಾ, ಗೊತ್ತಾಯ್ತಾ? ಯಾರು ನೋಡಿದ್ದು?" ನಾನು ಕಲಿತ ವ್ಯಾಕರಣ ಅಷ್ಟೇ.

ನಿಮ್ಮ ಕೊನೆಯ ಪಟ್ಟಿಯಲ್ಲಿ ನನ್ನದೇ ತಪ್ಪು ಕಂಡಿತು. 'ದಮಾಂದೆ' ಪಕ್ಕ 'ಡಿಮ್ಯಾಂಡ್', 'ಅಸಿಸ್ತೆ' ಪಕ್ಕ 'ಅಸಿಸ್ಟ್', 'ಪ್ರೆತಾಂದ್ರ್' ಪಕ್ಕ 'ಪ್ರಿಟೆಂಡ್' ಎಂದು ಜೋಡಿಸಿದ್ದೀರಿ. ದಮಾಂದೆ ಎಂದರೆ ಕೇಳುವುದು, ಅದರಲ್ಲಿ ಹಟ ಇಲ್ಲ. ಮದುವೆಗೆ 'ಅಸಿಸ್ತೆ' ಮಾಡಿದವಳು ಅಡುಗೆಗೆ ಕೈಹಾಕಿದವಳಲ್ಲ, ಸುಮ್ನೆ ಮದುವೆಗೆ ಹೋಗಿದ್ದವಳು. ಪ್ರೆತಾಂದ್ರ್ ಎಂದರೆ ಹೀಗೆಯೇ ಎಂದು ಸಾಧಿಸುವುದು, ನಟಿಸುವುದಲ್ಲ. 1066ರಲ್ಲಿ ಫ್ರೆಂಚ್ ಆಡುವ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ಇಂಗ್ಲಿಷಿಗೆ ಹೊಕ್ಕವು. ಅಲ್ಲಿ ಕೂತು ಬೇರೆ ಅರ್ಥ ಬೆಳೆಸಿಕೊಂಡವೂ ಇವೆ, ತವರಿನಲ್ಲೇ ಅರ್ಥ ಬದಲಾದವೂ ಇವೆ. ನಮ್ಮಲ್ಲೂ ಹಾಗೇ. ಬಹಮನಿಗಳು 1347ರಲ್ಲಿ ಇಲ್ಲಿ ರಾಜಧಾನಿ ಮಾಡಿದಂದಿನಿಂದ ಪಾರಸಿಯ, ಅದರ ಮೂಲಕ ಅರಬ್ಬಿಯ ಪದಗಳು ನಮ್ಮ ಬಾಯಲ್ಲಿವೆ. ಅರಬ್ಬಿಯಲ್ಲಿ 'ಗರೀಬ್' ಎಂದರೆ ಹೊರಗಿನಿಂದ ಬಂದವ, ನಮ್ಮಲ್ಲಿ ಬಡವ. ಕಲಬುರಗಿ ಜಿಲ್ಲೆಯಲ್ಲಿ ಬೆಳೆದ ಅನುವಾದಕನಿಗೆ ಇದು ಬೇರೆಯವರಿಗಿಂತ ಬೇಗ ಕಾಣಬೇಕಿತ್ತು.

ಈ ರೂಪದಲ್ಲಿ ಲೇಖನವನ್ನು ನಾನು ಹಾಕುವುದಿಲ್ಲ. ಪಟ್ಟಿಯಲ್ಲಿ ಫ್ರೆಂಚಿಗೂ ಇಂಗ್ಲಿಷಿಗೂ ನಡುವೆ ಕನ್ನಡದ ಒಂದು ಕಾಲಂ ಸೇರಿಸಿ. ನಿಮ್ಮ ಮನೆಯಲ್ಲಿ ಆಡುವ ಕನ್ನಡವೇ ಇರಲಿ, 'ಕೊಟ್ಟಾರಂತ' ಎಂದೇ ಬರೆಯಿರಿ. 'ತ್ಯುತ್ವಾಯೆ' ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ವಿವರಣೆ ಕೊಟ್ಟಿದ್ದೀರಿ. 'ಏಕವಚನದಲ್ಲಿ ಮಾತಾಡಿಸುವುದು' ಎಂದರೆ ನಮ್ಮ ಓದುಗರಿಗೆ ಅಷ್ಟೇ ಸಾಕು. ಅಲ್ಲಿಂದ ಇಂಗ್ಲಿಷಿನ ಕಷ್ಟ ಶುರು ಮಾಡಿ. ದೀಪಾವಳಿಯೊಳಗೆ ಕಳಿಸಿ, ಜಾಗ ಇಟ್ಟಿರುತ್ತೇನೆ.

ಸಂಪಾದಕ