ಒಂದು ಮೊಳ ಹೂವಿನ ಲೆಕ್ಕ

(ಹೆಸರು, ಕೆಲಸ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

"ಮೇಡಂ, ಶುಕ್ರವಾರ ಒಂದು ಮೊಳ ಮಲ್ಲಿಗೆ ತಗೊಂಡೆ. ಅದಕ್ಕೂ ಇವರು ಲೆಕ್ಕ ಕೇಳಿದ್ರು."

ಸಂಸಾರದ ಜಗಳಕ್ಕೆ ಸಲಹೆ ಕೇಳಲು ನನ್ನ ಹತ್ತಿರ ಬಂದ ಸುಮಾ ಕೂತು ಹೇಳಿದ ಮೊದಲ ಮಾತು ಇದು. ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದರು. ಪಕ್ಕದಲ್ಲಿದ್ದ ಗಂಡ ಕಿರಣ್ ತಲೆ ಎತ್ತದೆ ಕೇಳಿದರು: "ದುಡ್ಡು ಉಳಿಸೋಣ ಅಂದಿದ್ದು ತಪ್ಪಾ ಮೇಡಂ?"

ಮದುವೆಯಾಗಿ ಹದಿನಾಲ್ಕು ತಿಂಗಳು. ಕಿರಣ್ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಕೈಗೆ ಬರುವುದು 34,000 ರೂಪಾಯಿ. ಸುಮಾ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಕೈಗೆ 18,500 ಬರುತ್ತದೆ. ಮನೆ ಬಾಡಿಗೆ 13,000. ಮದುವೆಗೆಂದು ಕಿರಣ್ ತೆಗೆದ 4 ಲಕ್ಷದ ಸಾಲಕ್ಕೆ ತಿಂಗಳಿಗೆ ಸುಮಾರು 11,000 ಕಂತು. ಆರು ತಿಂಗಳಿಂದ ಕಿರಣ್ ಮೊಬೈಲಿನಲ್ಲಿ ಖರ್ಚು ಬರೆಯಲು ಶುರುಮಾಡಿದ್ದರು. ರಾತ್ರಿ ಊಟ ಆದಮೇಲೆ ಸುಮಾ ಒಂದೊಂದೇ ಖರ್ಚು ಹೇಳಬೇಕು, ಇವರು ಬರೆದುಕೊಳ್ಳಬೇಕು. ಹಗಲೆಲ್ಲ ಅಂಗಡಿಯ ಲೆಕ್ಕ ಬರೆದು ಬಂದ ಹೆಣ್ಣುಮಗಳು ರಾತ್ರಿ ತನ್ನ ಮನೆಯಲ್ಲೇ ಲೆಕ್ಕ ಒಪ್ಪಿಸುವುದು. ಎಷ್ಟು ನೋವಾಗಿರಬೇಕು, ಅಲ್ವಾ? ನನ್ನ ಹತ್ತಿರ ಬರುವ ಹೊತ್ತಿಗೆ ಒಂಬತ್ತು ದಿನದಿಂದ ಮಾತು ಬಿಟ್ಟಿದ್ದರು.

ದುಡ್ಡಿನ ಜಗಳ ಅಂತ ಬಂದವರನ್ನು ನಾನು ಮೊದಲು ಬೇರೆಬೇರೆಯಾಗಿ ಮಾತಾಡಿಸುತ್ತೇನೆ. ಹೆಂಡತಿಯ ಸಂಬಳ, ಎಟಿಎಂ ಕಾರ್ಡು ಯಾರ ಕೈಯಲ್ಲಿದೆ? ಲೆಕ್ಕ ತಪ್ಪಿದರೆ ಹೊಡೆತ, ಬೈಗುಳ, ಬೆದರಿಕೆ ಇದೆಯಾ? ಇದ್ದರೆ ಅದು ಉಳಿತಾಯದ ವಿಷಯವೇ ಅಲ್ಲ. ಹೆಂಡತಿಯ ದುಡ್ಡು ಕಿತ್ತುಕೊಳ್ಳುವುದನ್ನೂ ಮನೆಖರ್ಚಿಗೆ ಕೊಡದೆ ಸತಾಯಿಸುವುದನ್ನೂ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ದೌರ್ಜನ್ಯ ಎಂದೇ ಕರೆಯುತ್ತದೆ. ಅಂಥವರಿಗೆ ನಾನು ಬಜೆಟ್ ಹೇಳಿಕೊಡುವುದಿಲ್ಲ, ಮಹಿಳಾ ಸಹಾಯವಾಣಿ 181 ಬರೆದುಕೊಡುತ್ತೇನೆ. ಸುಮಾ ವಿಷಯದಲ್ಲಿ ಹಾಗಿರಲಿಲ್ಲ. "ಹೆದರಿಕೆ ಇಲ್ಲ ಮೇಡಂ, ಬೇಜಾರು" ಎಂದರು. ಕಾರ್ಡು ಅವರ ಬಳಿಯೇ ಇತ್ತು.

ಆದರೆ ಅವರೊಂದು ವಿಷಯ ಮುಚ್ಚಿಟ್ಟಿದ್ದರು. ಊರಲ್ಲಿರುವ ಅಮ್ಮನಿಗೆ ಬಿಪಿ, ಸಕ್ಕರೆ ಕಾಯಿಲೆ. ತಂದೆ ಇಲ್ಲ. ಮಾತ್ರೆಗೆಂದು ಪ್ರತಿ ತಿಂಗಳು 2,000 ಕಳಿಸುತ್ತಿದ್ದರು. ಗಂಡ ಬೇಡ ಅನ್ನಬಹುದೆಂದು ಅದನ್ನು ದಿನಸಿ ಖರ್ಚಿಗೆ ಸೇರಿಸಿ ಹೇಳುತ್ತಿದ್ದರು. ಏಳು ಸಾವಿರದ ದಿನಸಿ ಒಂಬತ್ತು ಸಾವಿರ ಆಗುತ್ತಿತ್ತು. ಇಬ್ಬರಿಗೆ ಇಷ್ಟೊಂದು ಯಾಕೆ ಅಂತ ಕಿರಣ್ ಲೆಕ್ಕ ಕೇಳಲು ಶುರುಮಾಡಿದ್ದು ಇದರಿಂದಲೇ.

ಕಿರಣ್ ಮುಚ್ಚಿಟ್ಟಿದ್ದು ಇನ್ನೂ ದೊಡ್ಡದು. ಕ್ರೆಡಿಟ್ ಕಾರ್ಡಿನಲ್ಲಿ 62,000 ಬಾಕಿ. ಫ್ರಿಜ್, ತಂಗಿಯ ಸೀಮಂತ, ಊಟಿ ಪ್ರವಾಸ ಅಂತ ಬೆಳೆದದ್ದು. ಸುಮಾಗೆ ಗೊತ್ತೇ ಇಲ್ಲ. "ಪ್ರತಿ ತಿಂಗಳು ಕಟ್ತಾ ಇದೀನಿ ಮೇಡಂ, ಒಂದು ಸಲವೂ ತಪ್ಪಿಲ್ಲ" ಎಂದರು. ಕಟ್ಟುತ್ತಿದ್ದದ್ದು ಕನಿಷ್ಠ ಮೊತ್ತ, ಸುಮಾರು 3,200.

ಬಿಲ್ ತರಿಸಿ ಇಬ್ಬರ ಎದುರು ಇಟ್ಟೆ. ಹಾಗೆ ಇಡುವ ಮೊದಲು ಕಿರಣ್ ಬಾಯಿಂದಲೇ ಸುಮಾಗೆ ಹೇಳಿಸಿದೆ. ಸುಮಾ ತಮ್ಮ ವಿಷಯ ತಾವೇ ಹೇಳಿದರು. ಇಬ್ಬರೂ ಅತ್ತರು. ಕಿರಣ್‌ಗೆ ಸಿಟ್ಟು ಬರಬಹುದು ಅಂದುಕೊಂಡಿದ್ದೆ. "ಅತ್ತೆಗೆ ಮಾತ್ರೆ ಬೇಕು ಅಂತ ನನಗೆ ಯಾಕೆ ಹೇಳ್ಲಿಲ್ಲ?" ಅಂತ ಕೇಳಿದರು, ಅಷ್ಟೇ.

ಈಗ ಆ ಬಿಲ್. ಬಡ್ಡಿ ತಿಂಗಳಿಗೆ 3.5%. ಕೇಳಲು ಸಣ್ಣದು, ವರ್ಷಕ್ಕೆ 42% ಆಗುತ್ತದೆ. 62,000ಕ್ಕೆ ತಿಂಗಳ ಬಡ್ಡಿಯೇ 2,170, ಅದರ ಮೇಲೆ 18% ಜಿಎಸ್‌ಟಿ 390. ಅಂದರೆ ಕಟ್ಟಿದ 3,200ರಲ್ಲಿ ಅಸಲಿಗೆ ಹೋದದ್ದು ಬರೀ 640 ರೂಪಾಯಿ. ಸಾಲದ್ದಕ್ಕೆ ಕಿರಣ್ ಮನೆ ದಿನಸಿಯನ್ನೂ ಅದೇ ಕಾರ್ಡಿನಲ್ಲಿ ತರುತ್ತಿದ್ದರು, "ಒಂದೂವರೆ ತಿಂಗಳು ಬಡ್ಡಿ ಇಲ್ಲ" ಅನ್ನುವ ಧೈರ್ಯದಲ್ಲಿ. ಆ ಸೌಲಭ್ಯ ಬಿಲ್ಲನ್ನು ಪೂರ್ತಿ ಕಟ್ಟುವವರಿಗೆ ಮಾತ್ರ. ಬಾಕಿ ಉಳಿಸಿಕೊಂಡರೆ ಹೊಸದಾಗಿ ತಂದ ಅಕ್ಕಿಗೂ ತಂದ ದಿನದಿಂದಲೇ ಬಡ್ಡಿ ಓಡುತ್ತದೆ. ಕಿರಣ್‌ಗೆ ಇದು ಗೊತ್ತಿರಲಿಲ್ಲ. ಓದಿದವರಲ್ಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಹೂವಿಗೆ, ಸಾರಿನ ಪುಡಿಗೆ ಕೈ ಬಿಗಿ ಹಿಡಿದಿದ್ದ ಮನೆಯಲ್ಲಿ ದುಡ್ಡು ಸೋರುತ್ತಿದ್ದದ್ದು ಇಲ್ಲಿ.

ನಾನು ಹೇಳಿದ ಮೊದಲ ಕೆಲಸ: ಬಾಕಿಯನ್ನು ಕಂತಿಗೆ ಬದಲಿಸಿಕೊಡಿ ಅಂತ ಬ್ಯಾಂಕನ್ನು ಕೇಳುವುದು. ವರ್ಷಕ್ಕೆ 16% ಬಡ್ಡಿಯಲ್ಲಿ ಹದಿನೆಂಟು ಕಂತು ಸಿಕ್ಕಿತು. ಜಿಎಸ್‌ಟಿ ಸೇರಿ ತಿಂಗಳಿಗೆ ಸುಮಾರು 4,000. ಮೊದಲಿಗಿಂತ 800 ಜಾಸ್ತಿ, ಆದರೆ ಒಂದೂವರೆ ವರ್ಷಕ್ಕೆ ಸಾಲ ತೀರುತ್ತದೆ. ಅದು ಮುಗಿಯುವ ತನಕ ಕಾರ್ಡು ಬೀರುವಿನಲ್ಲಿ. ಬ್ಯಾಂಕಿನ ಆ್ಯಪ್‌ನಲ್ಲೇ ಆನ್‌ಲೈನ್ ಖರೀದಿ ನಿಲ್ಲಿಸುವ ಗುಂಡಿ ಇರುತ್ತದೆ, ಅದನ್ನು ಅಲ್ಲೇ ಕೂತು ಒತ್ತಿಸಿದೆ. "ನನ್ನ ಬಳೆ ಅಡ ಇಡೋಣ" ಅಂತ ಸುಮಾ ಅಂದರು. ನಾನು ಬೇಡ ಅಂದೆ. ಆ ಒಡವೆ ಅವರ ಸ್ತ್ರೀಧನ. ಬೇರೆ ದಾರಿ ಇರುವಾಗ ಅದಕ್ಕೆ ಕೈ ಹಾಕಬಾರದು ಅನ್ನುವುದರಲ್ಲಿ ನಾನು ಗಟ್ಟಿ.

ಎರಡನೆಯದು ಸುಮಾ ಸಂಬಳದ ಚೀಟಿ ನೋಡುವಾಗ ಸಿಕ್ಕಿತು. ಪ್ರತಿ ತಿಂಗಳು ಇಎಸ್‌ಐ ಅಂತ 150 ರೂಪಾಯಿ ಕಡಿತ. ತಿಂಗಳ ಕೂಲಿ 21,000 ದಾಟದ ನೌಕರರಿಗೆ ಇರುವ ಆರೋಗ್ಯ ವಿಮೆ ಇದು. ನೌಕರರ ಪಾಲು 0.75%, ಮಾಲೀಕರ ಪಾಲು 3.25%. ಸುಮಾ ಒಮ್ಮೆಯೂ ಬಳಸಿಲ್ಲ. ನೌಕರರನ್ನೇ ನಂಬಿರುವ, ಬೇರೆ ಆದಾಯ ಅಷ್ಟಾಗಿ ಇಲ್ಲದ ತಂದೆ ತಾಯಿಯನ್ನೂ ಅದರಲ್ಲಿ ಸೇರಿಸಬಹುದು, ಮಾತ್ರೆ ಇಎಸ್‌ಐ ಔಷಧಾಲಯದಲ್ಲಿ ಸಿಗುತ್ತದೆ. ಅಮ್ಮನ ಆಧಾರ್ ತರಿಸಿ ಹೆಸರು ಸೇರಿಸಿ ಎಂದೆ. ನೀವೂ ನಿಮ್ಮ ಸಂಬಳದ ಚೀಟಿಯನ್ನು ಒಮ್ಮೆ ಪೂರ್ತಿ ಓದಿ ನೋಡಿ.

ಆಮೇಲೆ ಬಿಳಿ ಹಾಳೆಯಲ್ಲಿ 52,500 ಅಂತ ಬರೆದು ಪೆನ್ನು ಅವರ ಕೈಗೆ ಕೊಟ್ಟೆ. ಬಾಡಿಗೆ, ಎರಡು ಸಾಲದ ಕಂತು ಸೇರಿ 28,000. ದಿನಸಿ 7,000. ಹಾಲು, ತರಕಾರಿ, ಗ್ಯಾಸ್ 4,000. ಪೆಟ್ರೋಲ್ 2,000. ಫೋನು, ಇಂಟರ್ನೆಟ್ 1,200. ಕರೆಂಟಿಗೆ ಗೃಹಜ್ಯೋತಿ ಇದೆ. ಸುಮಾ ಶಕ್ತಿ ಯೋಜನೆಯ ಬಸ್ಸಿನಲ್ಲಿ ಓಡಾಡುತ್ತಾರೆ, ಆ ಉಳಿತಾಯವನ್ನು ಯಾರೂ ಲೆಕ್ಕಕ್ಕೇ ತಂದಿರಲಿಲ್ಲ. ಕಿರಣ್ ಅಮ್ಮನಿಗೆ 3,000, ಸುಮಾ ಅಮ್ಮನಿಗೆ 2,000, ಎರಡೂ ಒಂದೇ ಸಾಲಿನಲ್ಲಿ. ಇದನ್ನು ಒತ್ತಾಯ ಮಾಡಿ ಬರೆಸಿದೆ. ಗಂಡನ ಮನೆಗೆ ಕಳಿಸಿದರೆ ಕರ್ತವ್ಯ, ತವರಿಗೆ ಕಳಿಸಿದರೆ ಕಳ್ಳತನ ಅನ್ನುವ ಮನೆಯಲ್ಲಿ ಯಾವ ಲೆಕ್ಕವೂ ನಿಜ ಇರುವುದಿಲ್ಲ.

ಉಳಿದದ್ದು 5,300. ಅದರಲ್ಲಿ ಇಬ್ಬರಿಗೂ ತಲಾ 1,000 ಕೈಖರ್ಚು. ಅದಕ್ಕೆ ಲೆಕ್ಕ ಕೇಳುವಂತಿಲ್ಲ. ಹೂವು, ಟೀ, ಕ್ರಿಕೆಟ್ ಮ್ಯಾಚು ಏನಾದರೂ ಆಗಲಿ. "ಇಷ್ಟು ಕಷ್ಟದಲ್ಲಿ ಇದು ಬೇಕಾ?" ಎಂದರು ಕಿರಣ್. ಕಷ್ಟದಲ್ಲೇ ಬೇಕು ಎಂದೆ. ಇನ್ನು 1,300 ಹಬ್ಬಕ್ಕೆ, ಮುಯ್ಯಿಗೆ. ಮದುವೆ ಸೀಸನ್‌ನಲ್ಲಿ ಮುಯ್ಯಿ ಖರ್ಚು ಬಂದೇ ಬರುತ್ತದೆ, ಆದರೂ ನಾವು ಪ್ರತಿ ವರ್ಷ ಅದು ಗೊತ್ತಿಲ್ಲದವರ ಹಾಗೆ ಸಾಲ ಮಾಡುತ್ತೇವೆ. 2,000 ಆಪತ್ತಿಗೆ. ಪೋಸ್ಟ್ ಆಫೀಸಿನ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಅಂತ ಸುಮಾ ಹೇಳಿದರು. ಒಳ್ಳೆಯದೇ, ಆದರೆ ಅದು ಐದು ವರ್ಷದ್ದು, ಮೂರು ವರ್ಷದ ಮೊದಲು ಮುಚ್ಚಲು ಬರುವುದಿಲ್ಲ. ಆಪತ್ತಿನ ದುಡ್ಡು ಬೇಕಾದ ದಿನ ಸಿಗಬೇಕು. ಅದಕ್ಕೇ ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ, ಇಬ್ಬರ ಹೆಸರಲ್ಲಿ.

ರಾತ್ರಿಯ ಲೆಕ್ಕ ನಿಲ್ಲಿಸಿದೆ. ಬದಲಿಗೆ ತಿಂಗಳ ಮೊದಲ ಭಾನುವಾರ, ತಿಂಡಿ ಆದಮೇಲೆ ಅರ್ಧ ಗಂಟೆ. ಬರೆಯುವುದು ಸುಮಾ, ಓದುವುದು ಕಿರಣ್.

ನಾಲ್ಕು ತಿಂಗಳ ನಂತರ ಬಂದರು. ಎಲ್ಲ ಸರಿಹೋಗಿರಲಿಲ್ಲ. ಒಂದು ತಿಂಗಳು ಸ್ಕೂಟರ್ ರಿಪೇರಿಗೆ ಆಪತ್ತಿನ ಕಂತು ಕಟ್ಟಿರಲಿಲ್ಲ, ಅದಕ್ಕೆ ಸಣ್ಣ ಜಗಳವೂ ಆಗಿತ್ತು. ಸುಮಾ ಅಮ್ಮನಿಗೆ ಇಎಸ್‌ಐ ಮಾತ್ರೆ ಸಿಗುತ್ತಿದೆ, ಕಳಿಸುವ ದುಡ್ಡು 800ಕ್ಕೆ ಇಳಿದಿದೆ. ಕಾರ್ಡು ಇನ್ನೂ ಬೀರುವಿನಲ್ಲೇ ಇದೆ.

ಈ ಸಲ ಬೇರೆ ಪ್ರಶ್ನೆ ತಂದಿದ್ದರು. ಊರಿನ ಮನೆಯ ಹೆಂಚು ಬದಲಿಸಲು ಕಿರಣ್ ತಾಯಿ 50,000 ಕೇಳಿದ್ದಾರೆ. "ಈಗ ಆಗಲ್ಲ, ಎರಡು ವರ್ಷ ಆಗ್ಲಿ ಅಂತ ನಾವಿಬ್ಬರೂ ಮಾತಾಡ್ಕೊಂಡಿದೀವಿ ಮೇಡಂ. ಅಮ್ಮನಿಗೆ ನೋವಾಗದ ಹಾಗೆ ಅದನ್ನ ಹೇಗೆ ಹೇಳೋದು?" ಎಂದರು ಕಿರಣ್. "ನಾನೂ ಜೊತೆಗೆ ಹೋಗ್ತೀನಿ" ಎಂದರು ಸುಮಾ. ಅವತ್ತಿನ ಒಂದು ಗಂಟೆ ಪೂರ್ತಿ ಅದಕ್ಕೇ ಹೋಯಿತು.