ಗೀಚಿ ಹಾಕಿದ ಆ ಒಂದು ಸಾಲು

ಪ್ರಶ್ನೆ: ಮೇಡಂ, ನನಗೆ 17 ವರ್ಷ. ಪ್ರೀತಿ ಗೀತಿ ಅಂದ್ರೆ ನನಗೆ ನಗು ಬರುತ್ತದೆ. ಅದೆಲ್ಲ ಮೆದುಳಿನ ಕೆಮಿಕಲ್ ಅಷ್ಟೇ ಅಂತ ಓದಿದ್ದೇನೆ. ನನ್ನ ಅಕ್ಕ ಒಬ್ಬನನ್ನು ಎರಡು ವರ್ಷ ಪ್ರೀತಿಸಿದಳು. ಬ್ರೇಕಪ್ ಆದ ಮೇಲೆ ಊಟ ಬಿಟ್ಟು ಮಲಗಿಬಿಟ್ಟಳು. ನಾನು ತಟ್ಟೆ ಹಿಡಿದು ಅವಳ ಬಾಗಿಲ ಹತ್ತಿರ ನಿಂತಿರುತ್ತಿದ್ದೆ. ಗೆಳತಿಯರು ಅಳುತ್ತಾ ಬಂದರೆ ಬುದ್ಧಿ ಹೇಳುವವಳೂ ನಾನೇ. ಈಗ ಕ್ಲಾಸಿನ ಒಬ್ಬ ಹುಡುಗ ಹತ್ತಿರ ಕೂತರೆ ಪಾಠ ಕಿವಿಗೇ ಬೀಳುವುದಿಲ್ಲ. ನನ್ನ ಮೇಲೆ ನನಗೇ ಸಿಟ್ಟು. ಹೇಗೂ ಮುಗಿದು ಹೋಗುವುದನ್ನು ಶುರು ಯಾಕೆ ಮಾಡಬೇಕು? ಇದನ್ನು ತಲೆಯಿಂದ ತೆಗೆಯುವುದು ಹೇಗೆ?

ಉತ್ತರ: ನಿನ್ನ ಪತ್ರವನ್ನು ಮೂರು ಸಲ ಓದಿದೆ. ಎರಡು ಪುಟದ ತುಂಬಾ ವಾದ. ಒಂದೊಂದೂ ಗಟ್ಟಿಯಾಗಿದೆ. ಆದರೆ ಎರಡನೇ ಪುಟದ ಕೆಳಗೆ ಒಂದು ಸಾಲು ಬರೆದು, ಅದರ ಮೇಲೆ ಪೆನ್ನು ಒತ್ತಿ ಒತ್ತಿ ಗೀಚಿದ್ದೀಯ. ಕಾಗದದ ಹಿಂಬದಿ ಉಬ್ಬಿಕೊಂಡಿದೆ. ಬೆಳಕಿಗೆ ಹಿಡಿದೆ, ಓದಲು ಬಂತು. ‘ಇವತ್ತು ಅವನು ಬಂದಿಲ್ಲ.’ ಯಾರ ಹೆಸರೂ ಇಲ್ಲವಲ್ಲ ಅಂತ ಇಲ್ಲಿ ಬರೆದೆ, ಬೇಜಾರು ಮಾಡ್ಕೋಬೇಡ. ನಾನು ಉತ್ತರ ಬರೆಯುತ್ತಿರುವುದು ಜಾಸ್ತಿ ಆ ಸಾಲಿಗೇ.

ಕೆಮಿಕಲ್ ಅಂದೆಯಲ್ಲ, ಸುಳ್ಳಲ್ಲ. 1999ರಲ್ಲಿ ಇಟಲಿಯ ಪೀಸಾ ವಿಶ್ವವಿದ್ಯಾಲಯದ ಡೊನಾಟೆಲ್ಲಾ ಮರಾಜಿಟಿ ಮತ್ತು ಜೊತೆಗಾರರು, ಹೊಸದಾಗಿ ಪ್ರೀತಿಯಲ್ಲಿ ಬಿದ್ದ 20 ಜನರ ರಕ್ತ ಪರೀಕ್ಷೆ ಮಾಡಿದ್ದರು. ಸೆರೊಟೋನಿನ್ ಅನ್ನುವ ಮೆದುಳಿನ ಕೆಮಿಕಲ್‌ಗೆ ಸಂಬಂಧಪಟ್ಟ ಒಂದು ಅಂಶ ಅವರಲ್ಲಿ ಕಡಿಮೆ ಇತ್ತು. ಒಂದೇ ಯೋಚನೆ ಬಿಡದೆ ಕಾಡುವ ಗೀಳು ಕಾಯಿಲೆಯವರಲ್ಲಿ ಎಷ್ಟು ಕಡಿಮೆ ಇರುತ್ತದೋ ಸುಮಾರು ಅಷ್ಟೇ. ಒಂದು, ಒಂದೂವರೆ ವರ್ಷ ಬಿಟ್ಟು ಅವರಲ್ಲೇ ಕೆಲವರನ್ನು ಮತ್ತೆ ನೋಡಿದಾಗ ಅದು ಮಾಮೂಲಿಗೆ ಬಂದಿತ್ತು. ಸಣ್ಣ ಅಧ್ಯಯನ, ನಿಜ. ಆದರೂ ನಿನಗೆ ಪಾಠ ಯಾಕೆ ಕೇಳಿಸುತ್ತಿಲ್ಲ ಅನ್ನುವುದಕ್ಕೆ ಇದರಲ್ಲಿ ಸ್ವಲ್ಪ ಉತ್ತರ ಇದೆ. ನಿನ್ನ ಮೇಲೆ ನೀನು ಸಿಟ್ಟಾಗುವಂಥದ್ದು ಏನೂ ಇಲ್ಲ.

ಹಾಗಂತ ‘ಅಷ್ಟೇ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಿಟ್ಟು ಹೋದವರ ಫೋಟೋ ನೋಡಿದಾಗ, ಮೈಗೆ ನೋವಾದರೆ ಮೆದುಳಿನ ಯಾವ ಭಾಗ ಚುರುಕಾಗುತ್ತದೋ ಅದೇ ಭಾಗ ಚುರುಕಾಗುತ್ತದೆ ಅಂತ 2011ರ ಒಂದು ಅಧ್ಯಯನದಲ್ಲಿ ಕಂಡಿತ್ತು. ನಿನ್ನ ಅಕ್ಕನ ನೋವೂ ಕೆಮಿಕಲ್ಲೇ. ಆದರೆ ಅವಳಿಗೆ ನೀನು ಹಾಗೆ ಹೇಳಲಿಲ್ಲ. ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೆ.

ನನಗೆ ಅನ್ನಿಸುವುದು, ನಿನ್ನ ನಗು ಹುಟ್ಟಿದ್ದು ಆ ಬಾಗಿಲ ಹತ್ತಿರವೇ. ಪ್ರೀತಿ ಸುಳ್ಳು ಅಂತ ನಿನಗೆ ಅನ್ನಿಸಿಲ್ಲ ಮಗೂ. ನಿನಗೆ ಭಯವಾಗಿದೆ. ಆ ಭಯಕ್ಕೆ ಕಾರಣವೂ ಇದೆ. ಆದರೆ ನೀನು ಅಕ್ಕನ ಪ್ರೀತಿಯ ಕೊನೆಯನ್ನು ಮಾತ್ರ ನೋಡಿದ್ದೀಯ. ಅದಕ್ಕೆ ಮುಂಚಿನ ಎರಡು ವರ್ಷದ ಬಗ್ಗೆ ನಿನ್ನ ಪತ್ರದಲ್ಲಿ ಒಂದು ಮಾತೂ ಇಲ್ಲ. ಒಂದಿನ ಅವಳ ಪಕ್ಕ ಕೂತು ಕೇಳು. ಅವನು ಹೇಗೆ ಪರಿಚಯವಾದ, ಯಾವುದಕ್ಕೆ ನಗುತ್ತಿದ್ದರು, ಮೊದಲು ಬೇಸರವಾಗಿದ್ದು ಯಾವಾಗ. ‘ಆ ಎರಡು ವರ್ಷವೇ ಬೇಡವಾಗಿತ್ತು’ ಅಂತ ಅವಳು ಹೇಳಬಹುದು, ಹೇಳದೆಯೂ ಇರಬಹುದು. ಏನೇ ಹೇಳಲಿ, ನೀನು ಊಹೆ ಮಾಡಿಕೊಂಡಿರುವುದಕ್ಕಿಂತ ಅದು ವಾಸಿ.

ನನ್ನದೂ ಒಂದು ಹೇಳುತ್ತೇನೆ. ನಿನ್ನ ವಯಸ್ಸಿನಲ್ಲಿ ನನಗೂ ಒಬ್ಬ ಇಷ್ಟವಾಗಿದ್ದ. ಮಾತಾಡಿದ್ದು ಎಲ್ಲ ಸೇರಿ ಹತ್ತು ಸಲ ಇರಬಹುದು. ಯಾರಿಗೂ ಗೊತ್ತಾಗಬಾರದು ಅಂತ ಗೆಳತಿಯರ ಮುಂದೆ ಅವನ ನಡಿಗೆಯನ್ನು ಅಣಕಿಸಿ ತೋರಿಸಿದೆ. ತಿರುಗಿ ನೋಡಿದರೆ ಅವನು ಅಲ್ಲೇ ನಿಂತಿದ್ದ. ಮತ್ತೆ ಯಾವತ್ತೂ ನನ್ನ ಹತ್ತಿರ ಮಾತಾಡಲಿಲ್ಲ. ಅವನು ನನ್ನನ್ನು ಬೇಡ ಅಂದಿದ್ದರೆ ಒಂದಷ್ಟು ದಿನ ಅತ್ತು ಮರೆಯುತ್ತಿದ್ದೆ. ಇದನ್ನು ಇವತ್ತಿಗೂ ಮರೆಯಲು ಆಗಿಲ್ಲ.

ಮೊದಲ ಪ್ರೀತಿ ಬಹಳ ಸಲ ಉಳಿಯುವುದಿಲ್ಲ, ನೀನು ಹೇಳಿದ್ದು ಸರಿ. ನಾವು ಮೆಚ್ಚಿಕೊಳ್ಳುವುದೂ ಅರ್ಧ ಆ ಮನುಷ್ಯನನ್ನು, ಇನ್ನರ್ಧ ನಾವೇ ಮನಸ್ಸಿನಲ್ಲಿ ಕಟ್ಟಿಕೊಂಡವನನ್ನು. ಹಿಂದು ಮುಂದು ತೂಗಿ ನೋಡುವ ಮೆದುಳಿನ ಭಾಗ ಪೂರ್ತಿ ಬಲಿಯಲು 25ರ ಆಸುಪಾಸು ಆಗುತ್ತದೆ. ಹಾಗಾಗಿ ಜೀವನ ಪೂರ್ತಿಯ ತೀರ್ಮಾನ ಈಗ ಬೇಡ, ನಿನ್ನನ್ನು ಯಾರೂ ಕೇಳುತ್ತಲೂ ಇಲ್ಲ. ಇಷ್ಟವಾಯಿತು ಅಂದ ಮಾತ್ರಕ್ಕೆ ಅವನಿಗೆ ಹೇಳಲೇಬೇಕು ಅಂತಿಲ್ಲ. ತಲೆಯಿಂದ ಕಿತ್ತು ಹಾಕಬೇಕು ಅಂತಲೂ ಇಲ್ಲ. ಹಾಗೆ ತಳ್ಳಿದಷ್ಟೂ ಅದು ತಿರುಗಿ ಬರುತ್ತದೆ, ನೀನೇ ನೋಡಿದ್ದೀಯಲ್ಲ.

ಒಂದು ವಿಷಯದಲ್ಲಿ ಮಾತ್ರ ನಿನ್ನ ಅನುಮಾನದ ಬುದ್ಧಿಯನ್ನು ಬಿಡಬೇಡ. ಇವನೇ ಆಗಲಿ, ಮುಂದೆ ಯಾರೇ ಆಗಲಿ, ಫೋನಿನ ಪಾಸ್‌ವರ್ಡ್ ಕೇಳಿದರೆ, ಕಳಿಸಬಾರದ ಫೋಟೋ ಕೇಳಿದರೆ, ಗೆಳತಿಯರನ್ನು ಬಿಡು ಅಂದರೆ, ‘ನೀನಿಲ್ಲದಿದ್ದರೆ ಸತ್ತು ಹೋಗ್ತೀನಿ’ ಅಂತ ಹೆದರಿಸಿದರೆ, ಅದೇ ದಿನ ಅಕ್ಕನಿಗೋ ಅಮ್ಮನಿಗೋ ಹೇಳಿಬಿಡು.

ಈಗ ಆ ಗೀಚಿದ ಸಾಲು. ಅವನು ಮತ್ತೆ ಒಂದಿನ ಕ್ಲಾಸಿಗೆ ಬರದೆ ಮರುದಿನ ಬಂದರೆ, ‘ನಿನ್ನೆ ಯಾಕೆ ಬಂದಿರಲಿಲ್ಲ?’ ಅಂತ ಕೇಳು. ನೋಟ್ಸ್ ಬೇಕಾ ಅಂತಲೂ ಕೇಳು. ಅಷ್ಟು ಸಾಕು. ಅವನು ಏನಂದ ಅಂತ ನನಗೆ ಬರೆ.